ತಿದ್ದುವುದಕ್ಕೂ ತರಬೇತಿ ಬೇಕು

14 ಜೂನ್ 2025, ಶನಿವಾರ

ಭರತನಾಟ್ಯದ ಪಾಠ ಹೇಳಲು ತಯಾರಾಗುತ್ತಿರುವ ನಾಲ್ವರು ಹಿರಿಯ ವಿದ್ಯಾರ್ಥಿನಿಯರನ್ನು ಇಂದು ಆರಂಭದ ತರಗತಿಯಲ್ಲಿ ಒಂದು ಬದಿಗೆ ಕೂರಿಸಿ, ಮಕ್ಕಳು ಪಾದ ತಟ್ಟುವ ಮೊದಲ ಹೆಜ್ಜೆಯಾದ ತಟ್ಟಡವು ಮಾಡುವುದನ್ನು ಸುಮ್ಮನೆ ನೋಡಲು ಹೇಳಿದೆ. ಯಾರನ್ನೂ ತಿದ್ದಬಾರದು, ಎದ್ದು ಮಾಡಿ ತೋರಿಸಬಾರದು. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆದುಕೊಳ್ಳಬೇಕು. ನಾಲ್ವರೂ ಅಡವುಗಳಲ್ಲಿ, ಅಂದರೆ ನೃತ್ಯದ ಮೂಲ ಹೆಜ್ಜೆಗಳಲ್ಲಿ, ಗಟ್ಟಿಗರು. ಆದರೆ ಮುಂದಿನ ಸಾಲಿನ ಒಬ್ಬ ಹುಡುಗಿಯ ಬಗ್ಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತು ಬರೆದಿದ್ದರು: ಅರೆಮಂಡಿಯಲ್ಲಿ (ಪಾದಗಳನ್ನು ಹೊರಕ್ಕೆ ತಿರುಗಿಸಿ, ಮಂಡಿ ಬಾಗಿಸಿ ಅರ್ಧ ಕುಳಿತ ನಿಲುವು) ಮಂಡಿ ಒಳಗೆ ಬೀಳುತ್ತಿದೆ, ಹೊರಗೆ ತಳ್ಳಬೇಕು.

ಮಂಡಿ ಒಳಗೆ ಬೀಳುತ್ತಿದ್ದುದು ನಿಜ. ಆದರೆ ಕಾರಣ ಮಂಡಿಯಲ್ಲಿರಲಿಲ್ಲ. ಆ ಹುಡುಗಿ ತನ್ನ ಸೊಂಟದ ಕೀಲು ತಿರುಗುವಷ್ಟಕ್ಕಿಂತ ಹೆಚ್ಚು ಅಗಲಕ್ಕೆ ಪಾದಗಳನ್ನು ತಿರುಗಿಸಿಟ್ಟಿದ್ದಳು. ಹಾಗೆ ಇಟ್ಟಾಗ ಪಾದದ ಕಮಾನು ಒಳಕ್ಕೆ ಕುಸಿಯುತ್ತದೆ, ಭಾರವೆಲ್ಲ ಹೆಬ್ಬೆರಳಿನ ಕಡೆಗೆ ಜಾರುತ್ತದೆ, ಮಂಡಿ ಅದರ ಹಿಂದೆಯೇ ಒಳಗೆ ಬರುತ್ತದೆ, ಇಷ್ಟನ್ನೂ ಸರಿದೂಗಿಸಲು ಕೆಳಬೆನ್ನು ಒಳಬಾಗುತ್ತದೆ. ಪಾದಗಳನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿಕೋ ಎಂದಷ್ಟೇ ಅವಳಿಗೆ ಹೇಳಿದೆ. ಮಂಡಿಚಿಪ್ಪು ಎರಡನೆಯ ಬೆರಳಿನ ನೇರಕ್ಕೆ ಬಂತು, ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅದನ್ನು ಬಿಟ್ಟು ಮಂಡಿಯನ್ನೇ ಹೊರಗೆ ತಳ್ಳು ಎಂದು ತಿಂಗಳುಗಟ್ಟಲೆ ಹೇಳುತ್ತಾ ಹೋಗಿದ್ದರೆ, ತಿರುಚುವ ಒತ್ತಡವನ್ನೆಲ್ಲ ಬಾಗಲಿಕ್ಕೆಂದೇ ಇರುವ ಮಂಡಿಯ ಕೀಲು ಹೊರಬೇಕಾಗುತ್ತಿತ್ತು.

ಚೆನ್ನಾಗಿ ನರ್ತಿಸುವವರು ಚೆನ್ನಾಗಿ ಕಲಿಸಿಯೇ ಕಲಿಸುತ್ತಾರೆ ಎಂಬ ನಂಬಿಕೆಯಿಂದ ಎಷ್ಟೋ ಸ್ಟುಡಿಯೋಗಳು ಇನ್ನೂ ಹೊರಬಂದಿಲ್ಲ ಎನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡುವ ವಿಷಯ. ನರ್ತಕಿ ತನ್ನ ದೇಹವನ್ನು ಒಳಗಿನಿಂದ ಬಲ್ಲಳು. ಶಿಕ್ಷಕಿ ಇನ್ನೊಬ್ಬರ ದೇಹವನ್ನು, ಅದೂ ತನ್ನದಕ್ಕಿಂತ ಬೇರೆಯದೇ ಅಳತೆಯ, ಬೇರೆ ವಯಸ್ಸಿನ ದೇಹವನ್ನು, ಹೊರಗಿನಿಂದ ಓದಬೇಕು. ಇದನ್ನು ಹಿಂದಿನವರು ಕಾಣದೆ ಇರಲಿಲ್ಲ. 1920ರಲ್ಲಿ ಲಂಡನ್ನಿನಲ್ಲಿ ಇಂದಿನ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್‌ನ ಮೂಲಸಂಸ್ಥೆ ಹುಟ್ಟಿದ್ದೇ ನೃತ್ಯ ಕಲಿಸುವವರ ಮಟ್ಟವನ್ನು ಎತ್ತರಿಸಬೇಕೆಂಬ ಉದ್ದೇಶದಿಂದ. ರಷ್ಯಾದ ಬ್ಯಾಲೆ ಶಿಕ್ಷಕಿ ಅಗ್ರಿಪ್ಪಿನಾ ವಾಗನೋವಾ ತಮ್ಮ ಬೋಧನಾಕ್ರಮವನ್ನು 1934ರಲ್ಲಿ ಪುಸ್ತಕರೂಪಕ್ಕೆ ತಂದರು. ಕಾಲನ್ನು ಮೊದಲು ಪಳಗಿಸಿ ಕೈ, ತಲೆ, ಬೆನ್ನನ್ನು ಆಮೇಲೆ ಸೇರಿಸಿಕೊಂಡರಾಯಿತು ಎನ್ನುವ ದಾರಿಯನ್ನು ಅವರು ಒಪ್ಪಲಿಲ್ಲ, ಇಡೀ ದೇಹದ ಹೊಂದಾಣಿಕೆ ಅವರ ಪಾಠದ ಜೀವಾಳವಾಗಿತ್ತು. ನನಗೆ ಎಲ್ಲರಿಗಿಂತ ಹತ್ತಿರವೆನಿಸುವವರು ಅಮೆರಿಕದ ಮಾರ್ಗರೆಟ್ ಎಚ್‌ಡೋಬ್ಲರ್. ಅವರು ವೇದಿಕೆಯ ನರ್ತಕಿಯಲ್ಲ, ಜೀವಶಾಸ್ತ್ರ ಓದಿದ ದೈಹಿಕ ಶಿಕ್ಷಣದ ಅಧ್ಯಾಪಕಿ. ತರಗತಿಗೆ ಅಸ್ಥಿಪಂಜರವನ್ನು ತಂದಿಟ್ಟು, ವಿದ್ಯಾರ್ಥಿಗಳನ್ನು ನೆಲದ ಮೇಲೆ ಮಲಗಿಸಿ, ಚಲನೆ ಎಲ್ಲಿಂದ ಹುಟ್ಟುತ್ತದೆಂದು ಅವರೇ ಕಂಡುಕೊಳ್ಳುವಂತೆ ಮಾಡುತ್ತಿದ್ದರು. 1926ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನೃತ್ಯ ಒಂದು ಪದವಿ ವಿಷಯವಾದದ್ದು ಅವರಿಂದ.

ಮಧ್ಯಾಹ್ನ ಅಭ್ಯಾಸದ ಕ್ರಮದ ಬಗ್ಗೆ ಮಾತು ಬಂತು. ಒಂದೇ ಅಡವನ್ನು ಇಪ್ಪತ್ತು ಸಲ ಮಾಡಿಸಿ ಮುಂದಿನದಕ್ಕೆ ಹೋದರೆ ಮಕ್ಕಳು ಬೇಗ ಕಲಿಯುತ್ತಾರೆ ಎನ್ನುವುದು ನಾಲ್ವರ ಅಭಿಪ್ರಾಯ. ಆ ಹೊತ್ತಿಗೆ ಹಾಗೆಯೇ ಕಾಣುತ್ತದೆ. ಆದರೆ 1979ರಲ್ಲಿ ಸಂಶೋಧಕರಾದ ಶಿಯಾ ಮತ್ತು ಮಾರ್ಗನ್ ನಡೆಸಿದ ಪ್ರಯೋಗದಲ್ಲಿ, ಒಂದೊಂದೇ ಕೈಚಲನೆಯನ್ನು ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರೂ, ಬಿಡುವಿನ ನಂತರ ಪರೀಕ್ಷಿಸಿದಾಗ ಕಲಸಿ ಅಭ್ಯಾಸ ಮಾಡಿದವರೇ ಹೆಚ್ಚು ಉಳಿಸಿಕೊಂಡಿದ್ದರು. ಎರಡು ಮೂರು ಅಡವುಗಳನ್ನು ಅದಲುಬದಲು ಮಾಡಿಸುವ, ವಿಳಂಬದಿಂದ ದ್ರುತಕ್ಕೆ ಹೋಗಿ ಮತ್ತೆ ವಿಳಂಬಕ್ಕೆ ಇಳಿಸುವ ತರಗತಿ ನೋಡುವವರ ಕಣ್ಣಿಗೆ ಒರಟಾಗಿ ಕಾಣುತ್ತದೆ, ಬಾಗಿಲಲ್ಲಿ ನಿಂತ ಪೋಷಕರಿಗೆ ಅಷ್ಟು ಹಿಡಿಸುವುದೂ ಇಲ್ಲ. ಹೊಚ್ಚ ಹೊಸಬರಿಗೆ ಮೊದಲು ಒಂದೇ ಹೆಜ್ಜೆಯನ್ನು ಕುದುರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕುದುರಿದ ಮೇಲೂ ಅದನ್ನೇ ಉರು ಹೊಡೆಸುವುದು ಶಿಕ್ಷಕಿಯ ಸಮಾಧಾನಕ್ಕೆ ಮಾತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಿದ್ದುವ ಮಾತಿನ ಸ್ವರೂಪವೂ ಅಷ್ಟೇ ಮುಖ್ಯ. ತೊಡೆಯ ಸ್ನಾಯು ಬಿಗಿ ಮಾಡು, ಭುಜ ಇಳಿಸು, ಹೊಟ್ಟೆ ಒಳಗೆಳೆದುಕೋ ಎಂದು ಒಂದೇ ಆವರ್ತದಲ್ಲಿ ಮೂರು ಆಜ್ಞೆ ಬಿದ್ದರೆ ಮಗು ತಾಳವನ್ನೇ ಕೈಬಿಡುತ್ತದೆ. ಗಮನವನ್ನು ಅಂಗದ ಮೇಲೆ ಇಡುವುದಕ್ಕಿಂತ ಚಲನೆಯ ಪರಿಣಾಮದ ಮೇಲೆ ಇಟ್ಟಾಗ ಕಲಿಕೆ ಉತ್ತಮವಾಗುತ್ತದೆಂದು ಸಂಶೋಧಕಿ ಗ್ಯಾಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆಮೇಲೆ ಬಂದ ಅನೇಕ ಅಧ್ಯಯನಗಳೂ ಇದನ್ನೇ ಬೆಂಬಲಿಸಿವೆ. ಆದ್ದರಿಂದ ಪಾದ ಜೋರಾಗಿ ಬಡಿ ಎನ್ನುವುದಕ್ಕಿಂತ, ಎರಡೂ ಪಾದಗಳ ಸದ್ದು ಒಂದೇ ತೂಕದಲ್ಲಿ ನನಗೆ ಕೇಳಿಸಲಿ ಎಂದರೆ ಹೆಚ್ಚು ಫಲ. ಒಂದು ಸುತ್ತಿನಲ್ಲಿ ಒಂದೇ ತಿದ್ದುಪಡಿ. ಅದಾದ ಮೇಲೆ ಸುಮ್ಮನಿದ್ದು ನೋಡಬೇಕು. ಹೇಳಿದ್ದು ದೇಹಕ್ಕೆ ಇಳಿಯಲು ಒಂದೆರಡು ಸುತ್ತು ಹಿಡಿಯುತ್ತದೆ. ಆ ಮೌನವನ್ನು ತಡೆದುಕೊಳ್ಳುವುದು ಹೊಸ ಶಿಕ್ಷಕರಿಗೆ ಎಲ್ಲಕ್ಕಿಂತ ಕಷ್ಟ. ಮೈಮುಟ್ಟಿ ತಿದ್ದುವುದಿದ್ದರೆ ಮೊದಲು ಕೇಳಬೇಕು, ಬೇಡವೆಂದರೆ ಬೇಡ. ಅದಕ್ಕೆ ವಿವರಣೆ ಕೇಳುವ ಹಕ್ಕು ನಮಗಿಲ್ಲ.

ಬೆಳೆಯುವ ವಯಸ್ಸಿನ ಬಗ್ಗೆ ಮಾತ್ರ ಸಾಕಷ್ಟು ಹೊತ್ತು ತೆಗೆದುಕೊಂಡೆ, ಏಕೆಂದರೆ ಹೆಚ್ಚಿನ ಮಕ್ಕಳು ನೃತ್ಯ ಬಿಡುವುದನ್ನು ನಾನು ಕಂಡಿರುವುದು ಅಲ್ಲಿಯೇ. ಸಾಮಾನ್ಯವಾಗಿ ಹುಡುಗಿಯರಲ್ಲಿ 11–12, ಹುಡುಗರಲ್ಲಿ 13–14ರ ಸುಮಾರಿಗೆ ಎತ್ತರ ದಿಢೀರನೆ ಏರುತ್ತದೆ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯುವಿನ ಉದ್ದ ಮತ್ತು ಬಲ ನಿಧಾನವಾಗಿ ಹಿಂದೆ ಬರುತ್ತವೆ. ನಿನ್ನೆ ಸಲೀಸಾಗಿ ಬಾಗುತ್ತಿದ್ದ ಮಗು ಇಂದು ಬಿಗಿಯಾಗುತ್ತದೆ, ಸಮತೋಲ ತಪ್ಪುತ್ತದೆ, ಹಿಮ್ಮಡಿ ಮತ್ತು ಮಂಡಿಯ ಕೆಳಗೆ ನೋವು ಶುರುವಾಗಬಹುದು. ಇದನ್ನು ಸೋಮಾರಿತನವೆಂದು ಓದುವ ಶಿಕ್ಷಕಿ ಆ ಮಗುವನ್ನು ಕಳೆದುಕೊಳ್ಳುತ್ತಾಳೆ. ಆ ತಿಂಗಳುಗಳಲ್ಲಿ ಜಿಗಿತ ಕಡಿಮೆ ಮಾಡಿ, ಎಳೆದು ಬಾಗಿಸುವುದನ್ನು ನಿಲ್ಲಿಸಿ, ಅಭಿನಯಕ್ಕೂ ತಾಳಜ್ಞಾನಕ್ಕೂ ಹೆಚ್ಚು ಸಮಯ ಕೊಡಬಹುದು. ಏನಾಗುತ್ತಿದೆಯೆಂದು ಮಗುವಿಗೇ ತಿಳಿಸಿ ಹೇಳಬಹುದು. ತನ್ನ ದೇಹ ಕೆಟ್ಟಿಲ್ಲ, ಬೆಳೆಯುತ್ತಿದೆ ಎಂದು ಗೊತ್ತಾದ ಮಗು ತಾಳ್ಮೆಯಿಂದ ಕಾಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮುಂದಿನ ಶನಿವಾರ ನಾಲ್ವರೂ ತಲಾ ಒಂದು ನಾಟಡವನ್ನು (ಕಾಲು ಚಾಚಿ ಹಿಮ್ಮಡಿ ಊರುವ ಅಡವು), ತಾವು ಮಾಡಿ ತೋರಿಸದೆ, ಮಾತು ಮತ್ತು ತಾಳದಿಂದಲೇ ಕಲಿಸಬೇಕು. “ಟೀಚರ್, ಕಾಲು ಚಾಚಿ ತೋರಿಸದೆ ಹಿಮ್ಮಡಿ ಊರುವುದನ್ನು ಹೇಗೆ ಹೇಳುವುದು?” ಎಂದು ಒಬ್ಬಳು ಕೇಳಿದಳು. ಊರಿದಾಗ ಮೈಭಾರ ಯಾವ ಕಾಲಿನ ಮೇಲಿರುತ್ತದೆ ಎಂಬುದನ್ನು ಮೊದಲು ನೀನೇ ಬರೆದುಕೊಂಡು ಬಾ, ಅಲ್ಲಿಂದ ಶುರುಮಾಡೋಣ ಎಂದೆ.