ಗೋವಾದಿಂದ ಕೊಚ್ಚಿಗೆ ಹಾಯಿದೋಣಿಯಲ್ಲಿ: ಕಾಡಿದ್ದು ಗಾಳಿಯಲ್ಲ, ಇಂಜಿನ್ನು

ಜನವರಿಯಲ್ಲಿ ಗೆಳೆಯನ 28 ಅಡಿಯ ಹಾಯಿದೋಣಿಯನ್ನು ಗೋವಾದ ಮುರ್ಮಗೋವಾದಿಂದ ಕೊಚ್ಚಿಗೆ ಒಯ್ಯಬೇಕಿತ್ತು. ಇಬ್ಬರೇ ಹೊರಟೆವು. ಕಾರವಾರ, ಮಲ್ಪೆ, ಮಂಗಳೂರಿನಲ್ಲಿ ತಂಗಿದೆವು. ಇಂಜಿನ್ ಇರುವುದು ಬಂದರಿನ ಒಳಗೆ ಹೊರಗೆ ಹೋಗಲಿಕ್ಕೆ ಅಂದುಕೊಂಡಿದ್ದೆವು. ತಪ್ಪು.

ಆ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಒಳ್ಳೆಯ ಗಾಳಿ ಬರುತ್ತದೆ. ಕತ್ತಲಾದ ಮೇಲೆ ಅದು ಬಿದ್ದುಹೋಗುತ್ತದೆ. ಬೆಳಗಿನ ಜಾವ ನೆಲದ ಕಡೆಯಿಂದ ಸ್ವಲ್ಪ ಬೀಸುತ್ತದೆ, ಆಮೇಲೆ ಊಟದ ಹೊತ್ತಿನವರೆಗೆ ಎಲೆಯೂ ಅಲ್ಲಾಡದು ಅನ್ನುವ ಸ್ಥಿತಿ. ಕಾರವಾರದಿಂದ ಮಲ್ಪೆಗೆ ಸುಮಾರು 90 ನಾಟಿಕಲ್ ಮೈಲಿ. ಅರ್ಧಕ್ಕಿಂತ ಜಾಸ್ತಿ ಇಂಜಿನ್ನಿನಲ್ಲೇ ಹೋದೆವು. ಅದೂ ಗಾಳಿ ಬೆನ್ನಿಗಿದ್ದಾಗ. ಕೊಚ್ಚಿಯಿಂದ ಮೇಲಕ್ಕೆ ಬರುವವರು ಡೀಸೆಲ್ ಇನ್ನೂ ಜಾಸ್ತಿ ಇಟ್ಟುಕೊಳ್ಳಿ.

ನಮ್ಮದು ಎರಡು ಸಿಲಿಂಡರಿನ, 18 ಹಾರ್ಸ್‌ಪವರಿನ ಹಳೆಯ ಇಂಜಿನ್. ಹೊನ್ನಾವರ ದಾಟಿದ ಮೇಲೆ ದೋಣಿ ಚೆನ್ನಾಗಿ ಹೊಯ್ದಾಡಿತು. ಸ್ವಲ್ಪ ಹೊತ್ತಿಗೆ ಇಂಜಿನ್ ಸದ್ದು ಏರಿತು, ಇಳಿಯಿತು, ನಿಂತೇಹೋಯಿತು. ವರ್ಷಗಟ್ಟಲೆ ಟ್ಯಾಂಕಿನ ತಳದಲ್ಲಿ ಕೂತಿದ್ದ ಕೆಸರು ಕದಡಿ ಫಿಲ್ಟರಿಗೆ ಬಂದಿತ್ತು. ಫಿಲ್ಟರಿನ ಬಟ್ಟಲಲ್ಲಿ ಕಾಫಿಯ ಗಸಿಯಂಥದ್ದು, ಅದರ ಕೆಳಗೆ ಒಂದು ಬೆರಳು ನೀರು. ಅರ್ಧ ಖಾಲಿ ಟ್ಯಾಂಕಿನ ಗೋಡೆಯಲ್ಲಿ ರಾತ್ರಿ ಹನಿಗಟ್ಟುವ ನೀರೇ ಅದು. ಆ ನೀರಿನಲ್ಲೇ ಕೆಸರು ಬೆಳೆಯುವುದು. ದೋಣಿ ನಿಲ್ಲಿಸಿಡುವಾಗ ಟ್ಯಾಂಕ್ ತುಂಬಿಸಿಡಿ.

ಫಿಲ್ಟರ್ ಬದಲಿಸಿದರೆ ಸಾಲದು, ಡೀಸೆಲ್ ಪೈಪಿನೊಳಗೆ ಹೊಕ್ಕ ಗಾಳಿ ತೆಗೆಯಬೇಕು. ಇಂಜಿನ್ನಿನ ಮೇಲಿರುವ ಫಿಲ್ಟರಿನ ಸಣ್ಣ ಸ್ಕ್ರೂ ಸಡಿಲಿಸಿ, ಡೀಸೆಲ್ ಪಂಪಿನ ಲಿವರನ್ನು ಬೆರಳಲ್ಲಿ ಒತ್ತುತ್ತಾ ಇರಬೇಕು. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಬೇಕು. ಹೇಳಲು ಎರಡು ಸಾಲು. ತೂಗಾಡುವ ದೋಣಿಯಲ್ಲಿ, ಡೀಸೆಲ್ ವಾಸನೆಯಲ್ಲಿ, ತಲೆಕೆಳಗಾಗಿ ಮಲಗಿ ಮಾಡಲು ನಮಗೆ ಒಂದೂವರೆ ಗಂಟೆ ಹಿಡಿಯಿತು. ಹೊರಡುವ ಮೊದಲು ಬಂದರಿನಲ್ಲೇ ಒಮ್ಮೆ ಸುಮ್ನೆ ಮಾಡಿ ನೋಡಿ.

ಮುಂದಿನ ಕಥೆ ಬ್ಯಾಟರಿಯದು, ಅದಕ್ಕೆ ಕಾರಣ ನಾನೇ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಸ್ವಿಚ್ಚನ್ನು ಒಂದನೇ ಬ್ಯಾಟರಿಯಿಂದ ಎರಡನೆಯದಕ್ಕೆ ತಿರುಗಿಸಲು ಹೋಗಿ, ಆಫ್ ಕಡೆಯಿಂದ ತಿರುಗಿಸಿಬಿಟ್ಟೆ. ಒಂದು ಕ್ಷಣ ಬ್ಯಾಟರಿಯ ಸಂಪರ್ಕ ತಪ್ಪಿತು, ಇಂಜಿನ್ನಿನಿಂದ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಡಯೋಡ್‌ಗಳು ಸುಟ್ಟವು. ಗೊತ್ತಾಗಿದ್ದು ರಾತ್ರಿ, ಬ್ಯಾಟರಿ ಇಳಿದು, ತಾನೇ ಚುಕ್ಕಾಣಿ ಹಿಡಿಯುವ ಆಟೋಪೈಲಟ್ ಕೈಕೊಟ್ಟಾಗ. ಮಲ್ಪೆವರೆಗಿನ ಉಳಿದ ದಾರಿಗೆ ಸರದಿ ಮೇಲೆ ಕೈಯಲ್ಲೇ ಚುಕ್ಕಾಣಿ ಹಿಡಿದೆವು. ಮಲ್ಪೆಯಲ್ಲಿ ಮೀನಿನ ಬೋಟುಗಳ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರು ಮಧ್ಯಾಹ್ನದೊಳಗೆ ಡಯೋಡ್ ಬದಲಿಸಿದರು. ನಗಲಿಲ್ಲ, ಅದೇ ದೊಡ್ಡದು.

ಅವರೇ ಹೇಳಿದ್ದು: ಬ್ಯಾಟರಿ ತುಂಬಿಸಲಿಕ್ಕೆ ಅಂತ ಲಂಗರು ಹಾಕಿ ಇಂಜಿನ್ ಓಡಿಸಬೇಡಿ. ಲೆಡ್ ಆಸಿಡ್ ಬ್ಯಾಟರಿ ಮುಕ್ಕಾಲು ತುಂಬುವವರೆಗೆ ಬೇಗ ಕುಡಿಯುತ್ತದೆ. ಕೊನೆಯ ಕಾಲು ಭಾಗಕ್ಕೆ ಎಷ್ಟು ಗಂಟೆ ಓಡಿಸಿದರೂ ಹನಿಹನಿಯಾಗಿ. ಹೊರೆಯಿಲ್ಲದೆ ಓಡಿದ ಇಂಜಿನ್ನಿಗೆ ಮಸಿ ಹಿಡಿಯುತ್ತದೆ, ಅಷ್ಟೇ. ಆ ಕೊನೆಯ ಭಾಗಕ್ಕೆ ಸೋಲಾರ್ ಬೇಕು. 100 ವ್ಯಾಟಿನ ಪ್ಯಾನೆಲ್ ನಮ್ಮ ಬಿಸಿಲಿನಲ್ಲಿ ದಿನಕ್ಕೆ 25ರಿಂದ 30 ಆಂಪಿಯರ್-ಅವರ್ (ಬ್ಯಾಟರಿಗೆ ತುಂಬುವ ವಿದ್ಯುತ್ತಿನ ಅಳತೆ) ಕೊಡುತ್ತದೆ. ನಮ್ಮ ಫ್ರಿಜ್ ಒಂದೇ ಅದಕ್ಕಿಂತ ಜಾಸ್ತಿ ತಿನ್ನುತ್ತಿತ್ತು. ಮಲ್ಪೆಯಿಂದ ಮುಂದೆ ಫ್ರಿಜ್ ಆಫ್, ತಣ್ಣನೆ ಮಜ್ಜಿಗೆ ಆಸೆಯೂ ಆಫ್.

ವೋಲ್ಟ್ ಅಳೆಯುವ ಸಣ್ಣ ಮಲ್ಟಿಮೀಟರ್ ಒಂದಿರಲಿ. ಏನೂ ಓಡದೆ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಅದಕ್ಕಿಂತ ಕೆಳಗಿಳಿಸಬೇಡಿ. ಇಂಜಿನ್ ಓಡುವಾಗ 14ರ ಮೇಲೆ ಇರಬೇಕು. ಏರದಿದ್ದರೆ ಮೊದಲು ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್, ಆಮೇಲೆ ಬ್ಯಾಟರಿಗೆ ತಂತಿ ಕೂಡುವ ಟರ್ಮಿನಲ್ ನೋಡಿ. ಉಪ್ಪುಗಾಳಿಗೆ ಟರ್ಮಿನಲ್ ಹಸಿರು ಹಿಡಿಯುತ್ತದೆ. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆಯೇ ಇರಲಿ, ದೀಪ-ಫ್ರಿಜ್ಜಿಗೆ ಅದನ್ನು ಮುಟ್ಟಬಾರದು.

ತಂಪಿಗೆ ಕಡಲ ನೀರೆಳೆಯುವ ದೋಣಿಯಾದರೆ, ಸ್ಟಾರ್ಟ್ ಆದ ಕೂಡಲೇ ಹಿಂದೆ ಬಗ್ಗಿ ನೀರು ಉಗುಳುತ್ತಿದೆಯಾ ನೋಡಿ. ಪ್ಲಾಸ್ಟಿಕ್ ಚೀಲವೋ ಲೋಳೆಮೀನೋ ನೀರೆಳೆಯುವ ಬಾಯಿ ಮುಚ್ಚಿದರೆ, ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಒಣಗಿ ಕ್ಷಣದಲ್ಲಿ ಹರಿಯುತ್ತದೆ. ಹರಿದ ಚೂರುಗಳನ್ನು ಎಣಿಸಿ ಹುಡುಕಬೇಕು, ಇಲ್ಲದಿದ್ದರೆ ಮುಂದಿನ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ, ದೂರದಿಂದಲೇ ಹೋಗಿ. ರಾತ್ರಿ ಬಲೆಗಳ ಮೇಲೆ ಕಣ್ಣಿರಲಿ, ಪ್ರೊಪೆಲ್ಲರಿಗೆ ಸುತ್ತಿದರೆ ನೀರಿಗೆ ಇಳಿಯಬೇಕಾಗುತ್ತದೆ. ಕೋಸ್ಟ್ ಗಾರ್ಡ್ ತುರ್ತು ಸಂಖ್ಯೆ 1554. ದಡದಿಂದ ದೂರ ಹೋದಾಗ ಮೊಬೈಲ್ ನಂಬಬೇಡಿ, ವಿಎಚ್‌ಎಫ್ ರೇಡಿಯೊದ ಚಾನೆಲ್ 16 ಇರಲಿ.

ಬಿಡಿಭಾಗಗಳ ಮಾತು. ಬೆಲ್ಟ್, ಎಣ್ಣೆ, ಹೋಸ್ ಕ್ಲಿಪ್ ಉಡುಪಿಯ ಟ್ರಾಕ್ಟರ್ ಅಂಗಡಿಯಲ್ಲೂ ಸಿಕ್ಕಿತು. ಇಂಪೆಲ್ಲರ್ ಮಾತ್ರ ಎಲ್ಲೂ ಸಿಗಲಿಲ್ಲ. ಎರಡು ಮೊದಲೇ ತರಿಸಿಟ್ಟುಕೊಳ್ಳಿ.