ಇಂಗ್ಲಿಷ್ ಕ್ಲಾಸಿನಲ್ಲಿ ಒಂದು ಕನ್ನಡ ಪ್ರಶ್ನೆ

ಬಳ್ಳಾರಿಯ ಒಂದು ಪದವಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಮೊದಲ ಐದಾರು ವರ್ಷ ನನ್ನ ಕ್ಲಾಸಿನಲ್ಲಿ ಯಾರೂ ಕನ್ನಡ ಮಾತಾಡುವಂತಿರಲಿಲ್ಲ. ನಮ್ಮ ಮಕ್ಕಳು ಕುರುಗೋಡು, ಸಿರುಗುಪ್ಪ, ಸಂಡೂರು ಕಡೆಯವರು. ಕೆಲವರಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಲ್ಲಿ ಬಂದರೆ ಇಂಗ್ಲಿಷ್. ಎಷ್ಟೋ ಮಕ್ಕಳ ತಾಯಂದಿರು ಊರಿನ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಇಂಗ್ಲಿಷ್ ಬಂದರೆ ಇವರಿಗೊಂದು ಒಳ್ಳೆ ಕೆಲಸ ಸಿಕ್ಕೀತು ಅಂತಲೇ ಅಷ್ಟು ಬಿಗಿಯಾಗಿದ್ದೆ.

ಒಂದು ದಿನ ಸಮುದ್ರದ ಮೇಲಿನ ಪದ್ಯ ಪಾಠಕ್ಕಿತ್ತು. ಅದರಲ್ಲಿ ಉಬ್ಬರ, ಇಳಿತದ ಮಾತು ಬರುತ್ತದೆ. ಕ್ಲಾಸಿನಲ್ಲಿ ಸಮುದ್ರ ನೋಡಿದವರೇ ಇರಲಿಲ್ಲ. ಸಿರುಗುಪ್ಪ ಕಡೆಯ ಹುಡುಗ ಎದ್ದು ನಿಂತು, "ಮೇಡಂ, ಕಾಲುವೆಗೆ ನೀರು ಬಿಟ್ಟಂಗ ಏನ್ರಿ ಇದು?" ಅಂತ ಕೇಳಿದ.

"ಇಂಗ್ಲಿಷಿನಲ್ಲಿ ಕೇಳು, ಇಲ್ಲಾಂದ್ರೆ ಕೂತ್ಕೋ" ಅಂದೆ.

ಕೂತುಬಿಟ್ಟ. ಆ ಸೆಮಿಸ್ಟರ್ ಪೂರ್ತಿ ಮತ್ತೆ ಏಳಲಿಲ್ಲ. ಇಂಟರ್ನಲ್ಸ್‌ನಲ್ಲಿ ಗೈಡಿನ ಸಾಲುಗಳನ್ನೇ ಇಳಿಸಿದ್ದ. ಅಂಕ ಹಾಕಿ ಪಕ್ಕಕ್ಕಿಟ್ಟೆ.

ಆ ವರ್ಷದ ರಾಜ್ಯೋತ್ಸವಕ್ಕೆ ಜ್ಞಾನಪೀಠ ಪಡೆದವರ ಬಗ್ಗೆ ಒಬ್ಬೊಬ್ಬರು ಮಾತಾಡಬೇಕಿತ್ತು. ಇಂಗ್ಲಿಷ್ ಮೇಡಂ ಅಲ್ವಾ ಅಂತ ನನಗೆ ವಿ.ಕೃ. ಗೋಕಾಕರನ್ನು ಕೊಟ್ಟರು. ಭಾಷಣಕ್ಕಂತ ಓದಲು ಶುರು ಮಾಡಿದವಳು ಬಿಡಲಾಗದೆ ಓದುತ್ತಾ ಹೋದೆ.

ಗೋಕಾಕರು ಹುಟ್ಟಿದ್ದು 1909ರಲ್ಲಿ, ಸವಣೂರಿನಲ್ಲಿ. ಧಾರವಾಡದಲ್ಲಿ ಓದುವಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಅವರನ್ನು ಕನ್ನಡದ ಕಡೆ ತಿರುಗಿಸಿದವರು ಬೇಂದ್ರೆ. ಆಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ ಇಂಗ್ಲಿಷ್ ಸಾಹಿತ್ಯವನ್ನೇ ಓದಿದರು. ಬದುಕಿಡೀ ಇಂಗ್ಲಿಷ್ ಪ್ರಾಧ್ಯಾಪಕರು, ಪ್ರಾಂಶುಪಾಲರು, ಕುಲಪತಿಗಳು. ಬರೆದದ್ದು ಮಾತ್ರ ಹೆಚ್ಚಾಗಿ ಕನ್ನಡದಲ್ಲೇ, 'ವಿನಾಯಕ' ಅನ್ನುವ ಹೆಸರಿನಲ್ಲಿ. 'ಸಮರಸವೇ ಜೀವನ' ಅನ್ನುವ ದೊಡ್ಡ ಕಾದಂಬರಿ, ವಿಶ್ವಾಮಿತ್ರನನ್ನು ಹಿಡಿದು ಬರೆದ 'ಭಾರತ ಸಿಂಧು ರಶ್ಮಿ' ಮಹಾಕಾವ್ಯ. ಮಹಾಕಾವ್ಯ ನನಗಿನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ, ನಿಧಾನವಾಗಿ ಓದುತ್ತಿದ್ದೇನೆ. ಆದರೆ 'ಸಮುದ್ರ ಗೀತೆಗಳು' ಹಿಡಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ.

ಸವಣೂರಿನಲ್ಲಿ ಸಮುದ್ರ ಎಲ್ಲಿದೆ? ಇಂಗ್ಲೆಂಡಿಗೆ ಹಡಗಿನಲ್ಲಿ ಹೋದವರು ಆ ನೀರನ್ನು ಕನ್ನಡದಲ್ಲಿ ಕಂಡರು. ಹಳೆಯ ಛಂದಸ್ಸಿನ ಅಳತೆಗೆ ಅಲೆ ಕೂರಲಿಲ್ಲ, ಸಾಲುಗಳನ್ನು ಬಿಡುವಾಗಿ ಹರಿಯಬಿಟ್ಟರು. ಬಯಲುಸೀಮೆಯವರು ಹೊಸ ನೀರನ್ನು ತಮ್ಮ ಮಾತಿನಲ್ಲೇ ಹಿಡಿಯಬೇಕಲ್ಲ? ನನ್ನ ಹುಡುಗ ಮಾಡಲು ಹೋಗಿದ್ದೂ ಅದನ್ನೇ. ಅವನಿಗೆ ಗೊತ್ತಿದ್ದ ನೀರು ತುಂಗಭದ್ರೆಯ ಕಾಲುವೆಯದು.

ಇನ್ನೊಂದು ವಿಷಯ ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. 1958ರಲ್ಲಿ ನಮ್ಮ ಬಳ್ಳಾರಿಯಲ್ಲೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಗೋಕಾಕರು. ಬಳ್ಳಾರಿ ಮದ್ರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಯಾವ ಭಾಷೆಯ ಊರು ಅನ್ನುವ ಜಗಳ ಆರಿ ಐದೇ ವರ್ಷ ಆಗಿತ್ತು. ಅಂಥ ಊರಿನ ಕನ್ನಡದ ವೇದಿಕೆಯಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು ಅಧ್ಯಕ್ಷರು! ಅದೇ ಊರಿನಲ್ಲಿ ನಾನು ಇಂಗ್ಲಿಷ್ ಹೆಸರಲ್ಲಿ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ ಹೇಳಿದ ವರದಿಯೂ ಅವರದೇ.

ಮುಂದಿನ ವರ್ಷ ಅದೇ ಪದ್ಯ ಬಂತು. ಈಗ ಮೊದಲ ಹದಿನೈದು ನಿಮಿಷ ಯಾವ ಭಾಷೆಯಲ್ಲಾದರೂ ಕೇಳಬಹುದು, ಬರೆಯುವುದು ಇಂಗ್ಲಿಷಿನಲ್ಲಿ. ಬರಹದಲ್ಲಿ ತಪ್ಪು ಜಾಸ್ತಿ ಆಯಿತು, ಯಾಕಂದ್ರೆ ಗೈಡ್ ಬಿಟ್ಟು ತಮ್ಮದನ್ನು ಬರೆಯತೊಡಗಿದರು. ತಿದ್ದಲು ನನಗೆ ಎರಡು ಪಟ್ಟು ಹೊತ್ತು ಬೇಕು. ಆಗಲಿ.

ಆ ಹುಡುಗನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಅವತ್ತು ನಾನು ಹಾಗೆ ಅನ್ನಬಾರದಿತ್ತಪ್ಪ. ಕಾಲುವೆದು ಈಗ ಹೇಳು" ಅಂದೆ. ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಡ್ಯಾಮಿನಿಂದ ನೀರು ಬಿಡುವುದು, ಗದ್ದೆಗೆ ಪಾಳಿ ಕಾಯುವುದು, ಗೇಟ್ ಇಳಿಸಿದರೆ ಕಾಲುವೆ ಬತ್ತುವುದು, ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ತಾನೇ ನಿಂತ.

"ಆದ್ರ ಸಮುದ್ರಕ್ಕ ಗೇಟ್ ಇಲ್ಲಲ್ರಿ ಮೇಡಂ. ಅಲ್ಲಿ ನೀರು ಬಿಡೋರು ಯಾರು?"

"ಚಂದ್ರ" ಅಂದೆ.