ಪ್ಲಾಸ್ಟಿಕ್ ಕೊಡಾನೂ ಫ್ರೇಮ್‌ನಲ್ಲಿ ಇರ್ಲಿ

ಹಬ್ಬ ಹತ್ರ ಬಂತು ಅಂದ್ರೆ ಫೋನ್ ತುಂಬಾ ಒಂದೇ ಥರದ ರೀಲ್ಸ್. ಹಿತ್ತಾಳೆ ದೀಪ, ಬಾಳೆ ಎಲೆ, ಸ್ಲೋ ಮೋಷನ್‌ನಲ್ಲಿ ಬೀಳೋ ಹೂವು, ಹಿಂದೆ ಕೊಳಲು, ಮೇಲೆ "ನಮ್ಮ ಭಾರತೀಯ ಸಂಸ್ಕೃತಿ" ಅಂತ ಬರಹ. ಚೆನ್ನಾಗೇ ಇರುತ್ತೆ, ಆದ್ರೆ ಇದು ಯಾವ ಊರು, ಯಾರ ಮನೆ ಅಂತ ಕೇಳಿದ್ರೆ ವಿಡಿಯೋದಲ್ಲಿ ಉತ್ತರ ಇರಲ್ಲ. ನನ್ನ ಪ್ರಕಾರ ಊರಿನ ಹೆಸರು ಹೇಳದೇ ಇರೋ ವಿಡಿಯೋ ಅರ್ಧ ವಿಡಿಯೋ ಅಷ್ಟೇ.

ಯಾಕೆ ಹೀಗಂತೀನಿ ಅಂದ್ರೆ, ದಸರಾ ಆದ್ಮೇಲೆ ಬರೋ ಹುಣ್ಣಿಮೇನೇ ತಗೊಳ್ಳಿ. ಸಾಗರ, ಸೊರಬದ ಕಡೆ ಅದು ಭೂಮಿ ಹುಣ್ಣಿಮೆ. ಗದ್ದೇಲಿ ಭತ್ತ ತೆನೆ ಕಟ್ಟೋ ಹೊತ್ತು, ಭೂಮಿತಾಯಿ ಬಸುರಿ ಅನ್ನೋ ಭಾವನೆ, ಅದಕ್ಕೇ ಅವಳಿಗೆ ಬಯಕೆ ಊಟ. ಅಲ್ಲಿನ ದೀವರು ಅನ್ನೋ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ, ಪುಂಡಿ ನಾರಿನ ಕುಂಚ ಹಿಡ್ಕೊಂಡು ಚಿತ್ತಾರ ಬರೀತಾರೆ, ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲಾ ಅಡುಗೆ ಮಾಡಿ ಬೆಳಕು ಹರಿಯೋ ಮುಂಚೆ ಆ ಬುಟ್ಟೀಲಿ ಗದ್ದೆಗೆ ಒಯ್ದು, ಅಚ್ಚಂಬಲಿ ಹಾಲಂಬಲಿ ಅಂತ ಕೂಗ್ತಾ ಚರು ಬೀರ್ತಾರೆ, ಅಂದ್ರೆ ಎಡೆ ಅಡುಗೆಯನ್ನ ಗದ್ದೆಗೆ ಎರಚ್ತಾರೆ. ಅದೇ ಹುಣ್ಣಿಮೆ ಉತ್ತರ ಕರ್ನಾಟಕದಾಗ ಶೀಗಿ ಹುಣ್ಣಿಮೆ, ಅಲ್ಲಿ ಹೊಲಕ್ಕೆ ಬುತ್ತಿ ಕಟ್ಕೊಂಡು ಹೋಗಿ ಚರಗ ಚೆಲ್ತಾರೆ, ಅಂದ್ರೆ ಎಡೆಯನ್ನ ಹೊಲದಲ್ಲಿ ಚೆಲ್ತಾರೆ. ದಿನ ಒಂದೇ, ಆದ್ರೆ ಹೆಸರು ಬೇರೆ, ಬೆಳೆ ಬೇರೆ, ಬುತ್ತಿ ಬೇರೆ. ಇದನ್ನೆಲ್ಲಾ "ರೈತರ ಹಬ್ಬ" ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ರೆ ಆ ಬುಟ್ಟಿ ಮುಂದೆ ಗಂಟೆಗಟ್ಟಲೆ ಬೆನ್ನು ಬಗ್ಗಿಸಿ ಕೂತ ಅಜ್ಜಿ ಕೆಲಸಕ್ಕೆ ಏನು ಬೆಲೆ ಬಂತು ಹೇಳಿ?

ಇನ್ನು ಆ ಕೂಗಿನ ವಿಚಾರ. ನಸುಕಲ್ಲಿ ಒಂದು ಗದ್ದೆಯಿಂದ ಕೂಗಿದ್ರೆ ಇನ್ನೊಂದು ಗದ್ದೆಯಿಂದ ಕೇಳ್ಸುತ್ತೆ, ಅದರ ಮೇಲೆ ಟ್ರೆಂಡಿಂಗ್ ಆಡಿಯೋ ಹಾಕಿ ಮುಚ್ಚಿಬಿಡೋದು ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಆ ದನಿಯನ್ನ ಹಾಗೇ ಬಿಡಿ. ಗಾಳಿ ಸದ್ದು ಇದ್ರೂ ಪರ್ವಾಗಿಲ್ಲ.

ದಿನನಿತ್ಯದ ಬದುಕು ತೋರಿಸ್ತೀವಿ ಅನ್ನೋರಿಗೆ ನನ್ನದೊಂದು ಕೋರಿಕೆ, ದಯವಿಟ್ಟು ಪ್ಲಾಸ್ಟಿಕ್ ಕೊಡಾನ ಫ್ರೇಮ್‌ನಿಂದ ಆಚೆ ತಳ್ಳಬೇಡಿ. ನಲ್ಲಿ ನೀರು ಬರೋ ಹೊತ್ತಿಗೆ ಸಾಲಾಗಿ ಇಟ್ಟಿರೋ ಆ ಹಸಿರು ಕೆಂಪು ಕೊಡ, ಕುಕ್ಕರ್ ವಿಷಲ್, ಚಟ್ನಿ ರುಬ್ಬೋವಾಗ ಕಿರುಚೋ ಮಿಕ್ಸಿ, ಫ್ರಿಜ್ ಮೇಲಿನ ಕ್ರೋಶಾ ಬಟ್ಟೆ, ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ, ಇವೆಲ್ಲಾ ಇವತ್ತಿನ ನಮ್ಮ ಮನೆಗಳೇ ತಾನೇ. ಒರಳು ಕಲ್ಲನ್ನ ವಿಡಿಯೋಗೋಸ್ಕರ ಹಿತ್ತಲಿಂದ ಹೊರಗೆ ತಂದು, ಅಮ್ಮನಿಗೆ ರೇಷ್ಮೆ ಸೀರೆ ಉಡಿಸಿ ರುಬ್ಬಿಸಿದ್ರೆ ಅದು ನಾಟಕದ ಸೀನ್ ಆಗುತ್ತೆ. ಒರಳಲ್ಲಿ ಈಗಲೂ ರುಬ್ಬೋ ಮನೆಗಳಿವೆ, ಬೇಕಿದ್ರೆ ಅಲ್ಲಿಗೆ ಹೋಗಿ ತೆಗೀರಿ.

ಸೀರೆ ಬಗ್ಗೆ ಹೇಳೋರೂ ಅಷ್ಟೇ, "ಎಥ್ನಿಕ್ ಲುಕ್" ಅನ್ನೋದನ್ನ ಬಿಟ್ಟು ಇಳಕಲ್ ಸೀರೆ ಅಂತ ಹೇಳಿ, ಅದು ಬಾಗಲಕೋಟೆ ಜಿಲ್ಲೆಯ ಊರು ಅಂತ ಹೇಳಿ. ಒಡಲಿನ ಹಾಸನ್ನೂ (ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಹೋಗೋ ಎಳೆಗಳು) ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸ್ತಾರಲ್ಲ, ಆ ಕೆಲಸ ಹತ್ತಿರದಿಂದ ತೋರಿಸಿದ್ರೆ ಸಾಕು, ಜನ ಕಣ್ಣು ಕೀಳದೇ ನೋಡ್ತಾರೆ. ಕೈಮಗ್ಗದ್ದಾ ಪವರ್‌ಲೂಮ್‌ದಾ ಅಂತ ನೇಕಾರರನ್ನೇ ಕೇಳಿ ಹಾಕಿ. ಮತ್ತೆ ಅಂಗಡಿಯೋರು ಸೀರೆ ಫ್ರೀ ಕೊಟ್ಟಿದ್ರೆ ಅದನ್ನೂ ಹೇಳ್ಬೇಕು, 2021ರಿಂದ ಜಾಹೀರಾತು ಮಾನದಂಡ ಮಂಡಳಿಯ ನಿಯಮಾನೇ ಹಾಗಿದೆ, ಇನ್‌ಫ್ಲುಯೆನ್ಸರ್‌ಗಳು ಜಾಹೀರಾತು ಅನ್ನೋದು ಎದ್ದು ಕಾಣೋ ಹಾಗೆ ಹಾಕ್ಬೇಕು ಅಂತ.

ಕೊನೇದಾಗಿ ಒಪ್ಪಿಗೆ ವಿಷಯ, ಇದನ್ನ ತುಂಬಾ ಜನ ಮರೀತಾರೆ. ಕ್ಯಾಮೆರಾ ಹಿಡಿಯೋ ಮುಂಚೆ "ಅಜ್ಜಿ, ಇದನ್ನ ಊರೆಲ್ಲಾ ನೋಡುತ್ತೆ, ಹಾಕ್ಲಾ?" ಅಂತ ಕೇಳಿ, ಎಡಿಟ್ ಆದ್ಮೇಲೆ ಅವರಿಗೇ ಮೊದಲು ತೋರಿಸಿ. ಅವರು ಹೆಸರು ಹಾಕು ಅಂದ್ರೆ ದೊಡ್ಡ ಅಕ್ಷರದಲ್ಲಿ ಹಾಕಿ, ಬೇಡ ಮಗ ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ.